ಅಮೆರಿಕದ ಅಧ್ಯಕ್ಷರು, ತುರ್ತು ಕಾಯಿದೆ ಮತ್ತು ಸಂಸತ್ತಿನ ಮೌನ

1973ರಲ್ಲಿ ಅಮೆರಿಕದ ಸೆನೆಟ್‌ನ ವಿಶೇಷ ಸಮಿತಿಯೊಂದು ಕಾನೂನು ಸಂಪುಟಗಳನ್ನು ಜಾಲಾಡಿದಾಗ, ದೇಶ ನಲವತ್ತು ವರ್ಷಗಳಿಂದ ತುರ್ತು ಪರಿಸ್ಥಿತಿಯಲ್ಲೇ ಇರುವುದು ಬಯಲಾಯಿತು. ಬ್ಯಾಂಕುಗಳು ಕುಸಿದಾಗ 1933ರಲ್ಲಿ ರೂಸ್‌ವೆಲ್ಟ್ ಹೊರಡಿಸಿದ್ದ ಘೋಷಣೆ ಇನ್ನೂ ಜಾರಿಯಲ್ಲಿತ್ತು. ಕೊರಿಯಾ ಯುದ್ಧಕ್ಕೆಂದು 1950ರಲ್ಲಿ ಟ್ರೂಮನ್ ಹೊರಡಿಸಿದ್ದು, ಅಂಚೆ ಮುಷ್ಕರಕ್ಕೆಂದು 1970ರಲ್ಲಿ ಮತ್ತು ವಿದೇಶಿ ಪಾವತಿಯ ಬಿಕ್ಕಟ್ಟಿಗೆಂದು 1971ರಲ್ಲಿ ನಿಕ್ಸನ್ ಹೊರಡಿಸಿದ್ದವು ಕೂಡ ಹಾಗೇ ಉಳಿದಿದ್ದವು. ಈ ನಾಲ್ಕರ ಬಲದಿಂದ ಅಧ್ಯಕ್ಷರಿಗೆ ಸುಮಾರು 470 ವಿಶೇಷ ಅವಕಾಶಗಳು ದಕ್ಕಿದ್ದವು. ಆಸ್ತಿಯನ್ನು ವಶಪಡಿಸಿಕೊಳ್ಳುವುದು, ಸಾರಿಗೆ ಮತ್ತು ಸಂಪರ್ಕ ವ್ಯವಸ್ಥೆಯನ್ನು ಹಿಡಿತಕ್ಕೆ ತೆಗೆದುಕೊಳ್ಳುವುದು, ಜನರ ಓಡಾಟಕ್ಕೆ ನಿರ್ಬಂಧ ಹೇರುವುದು, ಎಲ್ಲವೂ ಅದರಲ್ಲಿದ್ದವು.

ಇಷ್ಟು ಅಧಿಕಾರವನ್ನು ಯಾರೂ ಕಿತ್ತುಕೊಳ್ಳದೆ ಬಿಟ್ಟಿದ್ದಕ್ಕೆ ಕಾರಣ, ಅಧ್ಯಕ್ಷರಾದವರು ಅದನ್ನು ಹಿತಮಿತವಾಗಿ ಬಳಸುತ್ತಾರೆಂಬ ನಂಬಿಕೆ. ನಂಬಿಕೆ ಕೆಟ್ಟಾಗ ತಡೆಯುವ ಕೆಲಸ ನ್ಯಾಯಾಲಯದ ಪಾಲಿಗೆ ಬರುತ್ತಿತ್ತು. 1952ರ ಏಪ್ರಿಲ್ 8ರಂದು ಟ್ರೂಮನ್ ಮುಷ್ಕರ ತಪ್ಪಿಸಲು ದೇಶದ ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಜೂನ್ 2ರಂದು ಸರ್ವೋಚ್ಚ ನ್ಯಾಯಾಲಯ 6–3ರ ಬಹುಮತದಿಂದ ಆ ಆದೇಶವನ್ನು ರದ್ದುಮಾಡಿತು. ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಅಲ್ಲಿ ಬರೆದ ಪ್ರತ್ಯೇಕ ಅಭಿಪ್ರಾಯವೇ ಇಂದಿಗೂ ಅಳತೆಗೋಲು: ಸಂಸತ್ತು ಜೊತೆಗಿದ್ದರೆ ಅಧ್ಯಕ್ಷರ ಬಲ ಹೆಚ್ಚು, ಸಂಸತ್ತು ಬೇಡವೆಂದಿದ್ದರೆ ಅದು ತೀರಾ ಕಡಿಮೆ, ಸಂಸತ್ತು ಬಾಯಿಬಿಡದಿದ್ದರೆ ಎಲ್ಲವೂ ಮಬ್ಬು. ಆ ಮಬ್ಬಿನಲ್ಲೇ ಮುಂದಿನ ತಾಪತ್ರಯವೆಲ್ಲ ಹುಟ್ಟಿತು.

ವಾಟರ್‌ಗೇಟ್ ಹಗರಣದ ಬಳಿಕ ಬಂದದ್ದು ರಾಷ್ಟ್ರೀಯ ತುರ್ತು ಪರಿಸ್ಥಿತಿ ಕಾಯಿದೆ. 1976ರ ಸೆಪ್ಟೆಂಬರ್ 14ರಂದು ಫೋರ್ಡ್ ಅದಕ್ಕೆ ಸಹಿ ಹಾಕಿದರು. ಅಧ್ಯಕ್ಷರು ಯಾವ ಕಾನೂನಿನಡಿ ಅಧಿಕಾರ ಚಲಾಯಿಸುತ್ತಿದ್ದೇವೆಂದು ಹೇಳಬೇಕು, ಘೋಷಣೆಯನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು, ಮುಂದುವರಿಸಬೇಕೇ ಎಂಬುದನ್ನು ಉಭಯ ಸದನಗಳು ಆರು ತಿಂಗಳಿಗೊಮ್ಮೆ ಪರಿಶೀಲಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಎರಡೂ ಸದನಗಳು ಸರಳ ಬಹುಮತದಿಂದ ನಿರ್ಣಯಿಸಿದರೆ ತುರ್ತು ಪರಿಸ್ಥಿತಿ ಮುಗಿಯುತ್ತಿತ್ತು. ಅಧ್ಯಕ್ಷರ ಸಹಿ ಬೇಕಿರಲಿಲ್ಲ.

ಆ ಹಲ್ಲನ್ನು ಕಿತ್ತದ್ದು ವಲಸೆಗೆ ಸಂಬಂಧಿಸಿದ ಒಂದು ಮೊಕದ್ದಮೆ. ಕೀನ್ಯಾದಲ್ಲಿ ಭಾರತೀಯ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕಕ್ಕೆ ಓದಲು ಬಂದಿದ್ದ ಚಡ್ಢಾ ಎಂಬುವರ ಗಡೀಪಾರಿನ ಪ್ರಕರಣದಲ್ಲಿ, ಅಧ್ಯಕ್ಷರ ಮುಂದಿಡದೆ ಸದನಗಳು ಹೀಗೆ ನಿರ್ಣಯಿಸುವುದು ಸಂವಿಧಾನಬಾಹಿರ ಎಂದು 1983ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಅದಕ್ಕೆ ತಕ್ಕಂತೆ 1985ರಲ್ಲಿ ತುರ್ತು ಪರಿಸ್ಥಿತಿ ಕಾಯಿದೆಗೂ ತಿದ್ದುಪಡಿ ತಂದದ್ದಾಯಿತು. ಆಮೇಲೆ ಸದನಗಳ ನಿರ್ಣಯಕ್ಕೆ ಅಧ್ಯಕ್ಷರು ವೀಟೊ ಹಾಕಬಹುದು. ಅದನ್ನು ಮೀರಲು ಎರಡೂ ಕಡೆ ಮೂರನೇ ಎರಡರಷ್ಟು ಮತ ಬೇಕು. ಅಧಿಕಾರಕ್ಕೆ ಕಡಿವಾಣ ಹಾಕಲೆಂದು ಬರೆದ ಕಾಯಿದೆ ಅಧಿಕಾರದ ಆಸರೆಯಾಯಿತು.

ಇದರ ಪೂರ್ಣ ಪರಿಣಾಮ ಕಂಡದ್ದು 2019ರಲ್ಲಿ. ಮೆಕ್ಸಿಕೊ ಗಡಿಯ ಗೋಡೆಗೆ ಟ್ರಂಪ್ ಕೇಳಿದ್ದು 570 ಕೋಟಿ ಡಾಲರ್. ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕೊಟ್ಟದ್ದು 137.5 ಕೋಟಿ. ಕೇಳಿದ್ದು ಸಿಗದಿದ್ದಾಗ, ಫೆಬ್ರವರಿ 15ರಂದು ಅವರು ತುರ್ತು ಪರಿಸ್ಥಿತಿ ಘೋಷಿಸಿದರು. ಬೊಕ್ಕಸದ ಬೀಗ ಸಂಸತ್ತಿನ ಕೈಯಲ್ಲಿರಬೇಕೆಂಬ ಪರಿಪಾಠ ಅಲ್ಲಿಗೆ ಮುರಿಯಿತು. ಸೆನೆಟ್‌ನಲ್ಲಿ ಅವರದೇ ಪಕ್ಷದ 12 ಸದಸ್ಯರು ವಿರೋಧವಾಗಿ ನಿಂತು, 59–41ರಿಂದ ಘೋಷಣೆಯನ್ನು ಕೊನೆಗೊಳಿಸುವ ನಿರ್ಣಯ ಪಾಸಾಯಿತು. ಮರುದಿನವೇ ವೀಟೊ ಬಿತ್ತು. ಅದನ್ನು ಮೀರಲು ಪ್ರತಿನಿಧಿ ಸಭೆಯಲ್ಲಿ 248–181 ಮತ ಬಂದರೂ ಮೂರನೇ ಎರಡರಷ್ಟು ಆಗಲಿಲ್ಲ. ಸೇನಾ ಕಾಮಗಾರಿಗಳಿಗೆ ಇಟ್ಟಿದ್ದ 360 ಕೋಟಿ ಡಾಲರ್ ಗೋಡೆಯ ಕಡೆ ತಿರುಗಿತು. ಫೋರ್ಟ್ ಕ್ಯಾಂಬೆಲ್ ಸೇನಾನೆಲೆಯಲ್ಲಿ ಸೈನಿಕರ ಮಕ್ಕಳಿಗೆ ಕಟ್ಟಬೇಕಿದ್ದ ಶಾಲೆಯ ದುಡ್ಡೂ ಅದರಲ್ಲಿ ಸೇರಿತ್ತು. ಉಭಯ ಸದನಗಳ ಬಹುಮತ ಬೇಡವೆಂದದ್ದು ಹೀಗೆ ನಡೆದುಹೋಯಿತು. ಪ್ರಜಾಪ್ರಭುತ್ವದಲ್ಲಿ ಇದು ಸಣ್ಣ ಲೋಪವಲ್ಲ.

ಇನ್ನೊಂದು ತುದಿಯಲ್ಲಿ, ಇರಾನ್ ಒತ್ತೆಯಾಳುಗಳ ಬಿಕ್ಕಟ್ಟಿಗೆಂದು 1979ರಲ್ಲಿ ಕಾರ್ಟರ್ ಮಾಡಿದ ಘೋಷಣೆ ವರ್ಷವರ್ಷವೂ ನವೀಕರಣಗೊಳ್ಳುತ್ತಲೇ ಬಂದಿದೆ. ಆರು ತಿಂಗಳಿಗೊಮ್ಮೆ ಪರಿಶೀಲಿಸಬೇಕೆಂಬ ನಿಯಮವಿದ್ದೂ, 2019ರವರೆಗೆ ಯಾವ ಸದನವೂ ಯಾವ ತುರ್ತು ಪರಿಸ್ಥಿತಿಯನ್ನೂ ಕೊನೆಗೊಳಿಸುವ ಮತಕ್ಕೆ ಹೋಗಿರಲಿಲ್ಲ.

ಭಾರತದ ಅನುಭವ ಇಲ್ಲಿ ನೇರವಾಗಿ ಪ್ರಸ್ತುತ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತು ಪರಿಸ್ಥಿತಿಯ ಘೋಷಣೆಗೆ ಅಂಕಿತ ಹಾಕಿದ್ದು ಪ್ರಧಾನಿಯವರ ಪತ್ರವೊಂದರ ಆಧಾರದ ಮೇಲೆ. ಸಂಪುಟಕ್ಕೆ ಸುದ್ದಿ ತಿಳಿದದ್ದು ಮರುದಿನ ಬೆಳಿಗ್ಗೆ. 1978ರ 44ನೇ ತಿದ್ದುಪಡಿ ಆ ಬಿರುಕನ್ನೇ ನೋಡಿ ಬರೆದದ್ದು. ಸಂಪುಟದ ತೀರ್ಮಾನ ಲಿಖಿತವಾಗಿ ಬರಬೇಕು, ಒಂದು ತಿಂಗಳಲ್ಲಿ ಉಭಯ ಸದನಗಳು ವಿಶೇಷ ಬಹುಮತದಿಂದ ಒಪ್ಪಬೇಕು, ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಬೇಕು. ಸಂಸತ್ತು ಸುಮ್ಮನಿದ್ದರೆ ಭಾರತದಲ್ಲಿ ತುರ್ತು ಪರಿಸ್ಥಿತಿ ಸಾಯುತ್ತದೆ, ಅಮೆರಿಕದಲ್ಲಿ ಬದುಕುತ್ತದೆ. ಸುಮ್ಮನಿರುವುದೇ ಸಂಸತ್ತುಗಳಿಗೆ ಸಲೀಸಾದ್ದರಿಂದ, ಕಾನೂನಿನ ಮಿತಿ ನಿಜಕ್ಕೂ ನಿರ್ಧಾರವಾಗುವುದು ಈ ಒಂದು ವ್ಯತ್ಯಾಸದಲ್ಲೇ.

ಅಮೆರಿಕದಲ್ಲೂ ಇದು ಕೆಲವರಿಗೆ ಹೊಳೆದಿದೆ. 30 ದಿನಗಳಲ್ಲಿ ಕಾಂಗ್ರೆಸ್ ಒಪ್ಪದಿದ್ದರೆ ಘೋಷಣೆ ತಾನಾಗಿ ಬಿದ್ದುಹೋಗಬೇಕೆಂಬ ಮಸೂದೆಯನ್ನು 2019ರಲ್ಲಿ ರಿಪಬ್ಲಿಕನ್ ಪಕ್ಷದ ಸೆನೆಟರ್ ಮೈಕ್ ಲೀ ಮಂಡಿಸಿದರು. ಸೆನೆಟ್ ಸಮಿತಿ ಅದನ್ನು ಒಪ್ಪಿ ಕಳಿಸಿದರೂ ಅದು ಕಾಯಿದೆಯಾಗಲಿಲ್ಲ.