ಬಹುವಚನ ಕೊಟ್ಟರೆ ಸಿಟ್ಟು

ಏಕವಚನದಲ್ಲಿ ಮಾತಾಡಿಸಿದರು ಎಂದು ಜಗಳವಾಗುವುದು ಕನ್ನಡಿಗರಿಗೆ ಹೊಸದಲ್ಲ. ಬಹುವಚನದಲ್ಲಿ ಮಾತಾಡಿಸಿದ್ದಕ್ಕೆ ಮುಖ ಗಂಟಿಕ್ಕುತ್ತಿದ್ದ ದೇಶವೊಂದಿದೆ, ಅದು ಸ್ವೀಡನ್. ಸ್ವೀಡಿಷ್ ಭಾಷೆಯಲ್ಲಿ ಏಕವಚನಕ್ಕೆ ‘ದೂ’, ಬಹುವಚನಕ್ಕೆ ‘ನೀ’. ಕಿವಿಗೆ ನಮ್ಮ ‘ನೀ’ಯಂತೆಯೇ ಕೇಳುವ ಈ ಪದ ಅರ್ಥದಲ್ಲಿ ನಮ್ಮ ‘ನೀವು’. ನಂಟೇನೂ ಇಲ್ಲ, ಬರಿಯ ಕಾಕತಾಳೀಯ. ಇವತ್ತು ಸ್ವೀಡನ್ನಿನಲ್ಲಿ ವಿದ್ಯಾರ್ಥಿ ಪ್ರಾಧ್ಯಾಪಕರಿಗೆ, ರೋಗಿ ವೈದ್ಯರಿಗೆ, ಪತ್ರಕರ್ತ ಪ್ರಧಾನಿಗೆ ‘ದೂ’ ಎನ್ನುತ್ತಾರೆ. ಇದು ಹೇಗಾಯಿತು ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ. 1967ರಲ್ಲಿ ಬ್ರೂರ್ ರೆಕ್ಸೆಡ್ ಎಂಬ ವೈದ್ಯವಿಜ್ಞಾನಿ ದೇಶದ ವೈದ್ಯಕೀಯ ಮಂಡಳಿಯ ಮುಖ್ಯಸ್ಥರಾಗಿ ಬಂದರು. ಮೊದಲ ಭಾಷಣದಲ್ಲೇ, ಸಿಬ್ಬಂದಿಯನ್ನೆಲ್ಲ ಹೆಸರು ಹಿಡಿದು ‘ದೂ’ ಎಂದೇ ಕರೆಯುತ್ತೇನೆ ಎಂದರು. ಕೆಲವೇ ವರ್ಷಗಳಲ್ಲಿ ನಾಡಿಗೆ ನಾಡೇ ಆ ಹಾದಿ ಹಿಡಿಯಿತು. ಬೆನ್ನುಹುರಿಯ ಪದರಗಳಿಗೆ ಇಂದಿಗೂ ರೆಕ್ಸೆಡ್ ಹೆಸರಿದೆ, ಆ ಕೀರ್ತಿ ನ್ಯಾಯವಾದದ್ದು. ‘ದೂ’ ಗೆದ್ದ ಕೀರ್ತಿಯನ್ನೂ ಅವರಿಗೇ ಕೊಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಅವರು ಬಾಯಿಬಿಡುವ ಹೊತ್ತಿಗೆ ‘ನೀ’ ಆಗಲೇ ಸೋತಿತ್ತು, ಮರ್ಯಾದೆಯ ಪದವಾಗಿ ಅದು ಸ್ವೀಡನ್ನಿನಲ್ಲಿ ಎಂದೂ ಸರಿಯಾಗಿ ಬೇರೂರಿರಲೇ ಇಲ್ಲ.

ಪದದ ಹುಟ್ಟೇ ವಿಚಿತ್ರ. ಹಳೆಯ ಸ್ವೀಡಿಷ್‌ನಲ್ಲಿ ಬಹುವಚನ ಸರ್ವನಾಮ ‘ಈ’. 1541ರ ಗುಸ್ತಾವ್ ವಾಸಾ ಬೈಬಲ್ಲಿನಲ್ಲಿರುವುದು ಇದೇ. ಆಗ ಕ್ರಿಯಾಪದಕ್ಕೂ ಬಹುವಚನದ ಪ್ರತ್ಯಯ ಹತ್ತುತ್ತಿತ್ತು. ‘ನಿಮಗೆ ಗೊತ್ತೇ’ ಎಂದು ಕೇಳಬೇಕಾದರೆ ‘ವೇತೆನ್ ಈ’. ಬಾಯಲ್ಲಿ ಉರುಳಿ ಉರುಳಿ ಇದು ‘ವೇತೆ ನೀ’ ಆಯಿತು. ಕ್ರಿಯಾಪದದ ಬಾಲದಲ್ಲಿದ್ದ ನಕಾರ ಸರ್ವನಾಮದ ತಲೆಗೆ ಹಾರಿತು, 17ನೇ ಶತಮಾನದಲ್ಲಿ ‘ನೀ’ ಸ್ವತಂತ್ರ ಪದವಾಗಿ ಬರಹಕ್ಕೂ ಬಂತು. ಇಂಥ ಕಳ್ಳತನ ಸ್ಕ್ಯಾಂಡಿನೇವಿಯಾದಲ್ಲಿ ಇದೊಂದೇ ಅಲ್ಲ. ಹಳೆಯ ನಾರ್ಸ್ ಭಾಷೆಯ ಪಶ್ಚಿಮದ ಕವಲಿನಲ್ಲಿ ‘ಏರ್’ ಎಂಬ ಬಹುವಚನ ಸರ್ವನಾಮ ಕ್ರಿಯಾಪದದ ಕೊನೆಯ ವ್ಯಂಜನವನ್ನು ಎಳೆದುಕೊಂಡು ‘ಥೇರ್’ ಆಗಿತ್ತು, ಐಸ್‌ಲ್ಯಾಂಡಿನ ಹಳೆಯ ಗೌರವವಾಚಕ ಅದೇ. ಡೇನಿಷ್‌ನಲ್ಲಿ ಹಳೆಯ ‘ಈ’ ಈಗಲೂ ಹಾಗೇ ಇದೆ. ಸ್ವೀಡನ್ನಿನ ದಕ್ಷಿಣದ ಆಡುನುಡಿಗಳೂ ಅದನ್ನು ಬಹುಕಾಲ ಉಳಿಸಿಕೊಂಡವು. ಡಲಾರ್ನ ಸೀಮೆಯ ಎಲ್ವ್‌ಡಾಲೆನ್ ಕಣಿವೆಯ ನುಡಿಯಲ್ಲಂತೂ ಬಹುವಚನದ ಕ್ರಿಯಾಪದ ಇಂದಿಗೂ ಪುರುಷಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ. ಶಿಷ್ಟ ಸ್ವೀಡಿಷ್ ಅದನ್ನು ಎಂದೋ ಕಳೆದುಕೊಂಡಿತು. ಬರಹದಲ್ಲಿ ಮಾತ್ರ ಉಳಿದಿದ್ದ ಬಹುವಚನ ಕ್ರಿಯಾರೂಪಗಳನ್ನು ಸ್ವೀಡನ್ನಿನ ಸುದ್ದಿಸಂಸ್ಥೆ 1945ರಲ್ಲಿ ಕೈಬಿಟ್ಟಿತು. ‘ನೀ’ಯ ತಲೆಯ ಮೇಲಿರುವ ನಕಾರ, ಸತ್ತುಹೋದ ಆ ಪ್ರತ್ಯಯದ ಪಳೆಯುಳಿಕೆ.

ಇಂಥ ಹಳೆಯ ಬೇರಿದ್ದ ಪದಕ್ಕೆ ಅವಮಾನದ ವಾಸನೆ ಅಂಟಿದ್ದು ಹೇಗೆ? ಫ್ರಾನ್ಸಿನ ‘ವೂ’ ಆಗಲಿ ಕನ್ನಡದ ‘ನೀವು’ ಆಗಲಿ ಮೇಲಕ್ಕೂ ಸಲ್ಲುತ್ತದೆ, ಸಮಾನರ ನಡುವೆಯೂ ಸಲ್ಲುತ್ತದೆ. ಸ್ವೀಡನ್ನಿನ ಪಟ್ಟಣಿಗರು ಮೇಲಿನವರಿಗೆ ಯಾವ ಸರ್ವನಾಮವನ್ನೂ ಬಳಸುತ್ತಿರಲಿಲ್ಲ. ಎದುರಿಗೇ ನಿಂತವರನ್ನು ಪ್ರಥಮ ಪುರುಷದಲ್ಲಿ, ಹುದ್ದೆ ಹಿಡಿದು ಕೇಳುತ್ತಿದ್ದರು. ‘ಡಾಕ್ಟರು ಚೆನ್ನಾಗಿ ನಿದ್ದೆ ಮಾಡಿದರೇ?’ ‘ನಿರ್ದೇಶಕರಿಗೆ ಕಾಫಿ ಬೇಕೇ?’ ಹುದ್ದೆಯಿಲ್ಲದ ಗಂಡಸು ‘ಯಜಮಾನರು’, ಹೆಂಗಸು ‘ಅಮ್ಮಾವರು’. ಹಾಗಾದರೆ ‘ನೀ’ ಉಳಿದದ್ದು ಯಾರಿಗೆ? ಹೇಳಿಕೊಳ್ಳಲು ಬಿರುದೇ ಇಲ್ಲದವರಿಗೆ: ಅಡುಗೆಯವಳಿಗೆ, ಗಾಡಿಯವನಿಗೆ, ಕೂಲಿಯವನಿಗೆ. ಅವರು ತಿರುಗಿ ‘ನೀ’ ಎನ್ನುವಂತಿರಲಿಲ್ಲ. ಎದುರಿನವರ ಹುದ್ದೆ ತಿಳಿಯದಿದ್ದರೆ ಮಾತೇ ಕಷ್ಟ. ಅದರಿಂದ ತಪ್ಪಿಸಿಕೊಳ್ಳಲು ‘ಸ್ವಲ್ಪ ಕಾಫಿ ಆಗಬಹುದೇ?’ ಎಂಬ ರೀತಿಯ, ಕರ್ತೃವೇ ಇಲ್ಲದ ವಾಕ್ಯಗಳನ್ನು ಹೊಸೆದರು. ಅಪರಿಚಿತ ವಯಸ್ಸಿನವರ ಮುಂದೆ ‘ಊಟ ಆಯ್ತಾ?’ ಎಂದು ನಾವು ಜಾರಿಕೊಳ್ಳುವುದೂ ಇದೇ ಉಪಾಯ. ಬಿರುದು ಬಿಟ್ಟು ‘ದೂ’ಗೆ ಇಳಿಯಲು ವಿಧಿಯೇ ಇತ್ತು. ಹಿರಿಯರೋ ಮೇಲಿನ ಸ್ಥಾನದವರೋ ಪ್ರಸ್ತಾಪಿಸಬೇಕು, ಇಬ್ಬರೂ ಗ್ಲಾಸು ಎತ್ತಿ ಕುಡಿಯಬೇಕು. ಈ ಗೋಜಿಗೆ ಬೇಸತ್ತವರು 20ನೇ ಶತಮಾನದ ಮೊದಲರ್ಧದಲ್ಲಿ ಎಲ್ಲರಿಗೂ ‘ನೀ’ ಬಳಸೋಣ ಎಂದು ಪ್ರಚಾರ ನಡೆಸಿಯೂ ನೋಡಿದರು. ತರ್ಕ ಸರಿಯಾಗಿತ್ತು, ಜನ ಕೇಳಲಿಲ್ಲ. ಅಡುಗೆಯವಳಿಗೆ ಅನ್ನುವ ಪದವನ್ನು ನನಗೆ ಅನ್ನುತ್ತೀರಾ ಎಂಬುದು ಮೇಲಿನವರ ಸಿಟ್ಟು. ಕೆಳಗಿನವರಿಗೂ ಆ ಪದದ ಬಗ್ಗೆ ಸವಿನೆನಪುಗಳೇನೂ ಇರಲಿಲ್ಲ.

ಇನ್ನೊಂದು ಕಡೆ ‘ದೂ’ಗೆ ದೊಡ್ಡ ನೆಲೆ ಇತ್ತು. ಹಳ್ಳಿಯ ರೈತರು ತಮ್ಮತಮ್ಮಲ್ಲಿ, ಕಾರ್ಮಿಕ ಸಂಘ ಮತ್ತು ಮದ್ಯವರ್ಜನ ಸಂಘಗಳ ಸದಸ್ಯರು ಪರಸ್ಪರ, ವಿದ್ಯಾರ್ಥಿಗಳು ವಿದ್ಯಾರ್ಥಿಗಳೊಡನೆ ಆಡುತ್ತಿದ್ದುದು ‘ದೂ’. ಡಲಾರ್ನದವರಿಗೆ ರಾಜನನ್ನೂ ‘ದೂ’ ಎನ್ನುವವರೆಂಬ ಖ್ಯಾತಿ ಇತ್ತು. ಹಳ್ಳಿಗಾಡನ್ನು ಸಮಾನತೆಯ ಸ್ವರ್ಗವೆಂದು ಬಣ್ಣಿಸುವುದು ನನ್ನ ಉದ್ದೇಶವಲ್ಲ. ಅನೇಕ ಕಡೆ ಮಕ್ಕಳು ತಂದೆತಾಯಿಗೆ ‘ದೂ’ ಅನ್ನುವಂತಿರಲಿಲ್ಲ, ‘ಅಪ್ಪ ಬರುತ್ತಾರೆಯೇ?’ ಎಂದೋ ಹಳೆಯ ‘ಈ’ ಸೇರಿಸಿಯೋ ಕೇಳಬೇಕಿತ್ತು. ಆದರೂ ಕೊಟ್ಟವರಿಗೆ ಹಾಗೇ ತಿರುಗಿ ಸಿಗುತ್ತಿದ್ದ ಸರ್ವನಾಮ ಅಲ್ಲಿ ‘ದೂ’ ಒಂದೇ. ರೆಕ್ಸೆಡ್ ಆರಿಸಿಕೊಂಡದ್ದು ಅದನ್ನು, ಹಾಗಾಗಿಯೇ ಅವರ ಮಾತು ನಡೆಯಿತು. ‘ನೀ’ ಆರಿಸಿದ್ದ ಹಿಂದಿನ ಸುಧಾರಕರ ಮಾತು ನಡೆದಿರಲಿಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಡೆನ್ಮಾರ್ಕ್ ಮತ್ತು ನಾರ್ವೆಗಳಲ್ಲಿ ಗೌರವವಾಚಕವಾಗಿದ್ದದ್ದು ಜರ್ಮನ್ ‘ಜೀ’ಯ ಮಾದರಿಯಲ್ಲಿ ಬಂದ ‘ಡಿ’. ಅದಕ್ಕೆ ಅವಮಾನದ ಚರಿತ್ರೆ ಇರಲಿಲ್ಲ, ಆದರೂ 1970ರ ದಶಕದ ಹೊತ್ತಿಗೆ ಅದೂ ಮೂಲೆಗೆ ಸರಿಯಿತು. ಕಾಲವೇ ಬದಲಾಗಿರುವಾಗ ಪದದ ಪೂರ್ವಕಥೆಗೆ ಏಕೆ ಇಷ್ಟು ಬೆಲೆ? ಕಾಲದ ಒತ್ತಡ ಮೂರೂ ದೇಶಗಳಲ್ಲಿತ್ತು, ಒಪ್ಪುತ್ತೇನೆ. ಉಳಿದದ್ದನ್ನು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಡೇನರು ಹಳೆಯ ಶೈಲಿಯ ಪತ್ರದಲ್ಲಿ, ರಾಜಮನೆತನದವರ ಮುಂದೆ, ‘ಡಿ’ ಬಳಸಿದರೆ ಅದು ಇಂದಿಗೂ ಸಹಜ ಮರ್ಯಾದೆ. ಸ್ವೀಡನ್ನಿನ ರಾಜನಿಗೆ ‘ನೀ’ ಅನ್ನುವ ಪದ್ಧತಿಯಿಲ್ಲ, ‘ರಾಜರು ಏನೆನ್ನುತ್ತಾರೆ?’ ಎಂಬ ಹಳೆಯ ಪ್ರಥಮ ಪುರುಷವೇ ಅಲ್ಲಿ ಈಗಲೂ ಗತಿ. ಇನ್ನೂ ಬಲವಾದ ಸಾಕ್ಷಿ ಫಿನ್‌ಲ್ಯಾಂಡಿನದು. 1809ರವರೆಗೆ ಸ್ವೀಡನ್ನಿನ ಭಾಗವಾಗಿದ್ದ ಆ ದೇಶದಲ್ಲಿ ಸ್ವೀಡಿಷ್ ಮಾತೃಭಾಷೆಯವರು ಈಗ ಸುಮಾರು ನೂರಕ್ಕೆ ಐವರು. ಪದ ಅದೇ ‘ನೀ’, ವ್ಯಾಕರಣವೂ ಅದೇ. ಅವರಲ್ಲಿ ಅದು ಹಿರಿಯರಿಗೂ ಅಪರಿಚಿತರಿಗೂ ಸಲ್ಲುವ, ಯಾರಿಗೂ ನೋವಾಗದ ಬಹುವಚನ. ಫಿನ್ನಿಷ್ ಭಾಷೆಯಲ್ಲಿ ‘ತೇ’ ಎಂಬ ಸರ್ವನಾಮ ಎರಡೂ ದಿಕ್ಕಿಗೆ ಹರಿಯುವ ಮರ್ಯಾದೆಯಾಗಿ ಬಳಕೆಯಲ್ಲಿದ್ದದ್ದು ಇದಕ್ಕೆ ನೆರವಾಗಿರಬೇಕು. ದೋಷ ಆ ಪದದಲ್ಲಿರಲಿಲ್ಲ.

‘ದೂ’ ಅಷ್ಟು ಗಟ್ಟಿಯಾಗಿ ಗೆದ್ದಿದ್ದರೆ 1980ರ ದಶಕದಿಂದ ಅಂಗಡಿ, ಹೋಟೆಲುಗಳಲ್ಲಿ ‘ನೀ’ ಮತ್ತೆ ಕೇಳುತ್ತಿರುವುದೇಕೆ ಎಂದೂ ಕೇಳಬಹುದು. ಹೇಳುತ್ತಿರುವವರು ಹೆಚ್ಚಾಗಿ ಕೌಂಟರಿನ ಹಿಂದಿನ ಎಳೆಯರು. ಹಳೆಯ ಕಹಿ ಅವರಿಗೆ ಗೊತ್ತಿಲ್ಲ, ಗಿರಾಕಿಗೆ ಮರ್ಯಾದೆ ತೋರಿಸುತ್ತಿದ್ದೇವೆ ಎಂದೇ ಅವರ ಭಾವನೆ. ಕೇಳಿಸಿಕೊಳ್ಳುವ ವಯಸ್ಸಾದವರಲ್ಲಿ ಕೆಲವರಿಗೆ ಅದು ಇಂದಿಗೂ ಚುಚ್ಚುತ್ತದೆ. ಇದನ್ನು ಹಳೆಯ ‘ನೀ’ಯ ಪುನರಾಗಮನ ಎಂದು ಕರೆಯುವುದಕ್ಕೆ ನಾನು ಹಿಂಜರಿಯುತ್ತೇನೆ, ಏಕೆಂದರೆ ದಿಕ್ಕು ತಿರುಗಿದೆ. ಆಗ ಮೇಲಿನಿಂದ ಕೆಳಕ್ಕೆ ಇಳಿಯುತ್ತಿದ್ದ ಪದ ಈಗ ದುಡ್ಡು ಪಡೆಯುವವರಿಂದ ದುಡ್ಡು ಕೊಡುವವರತ್ತ ಏರುತ್ತಿದೆ. ಗಿರಾಕಿ ಮಾತ್ರ ತಿರುಗಿ ‘ದೂ’ ಎಂದೇ ಉತ್ತರಿಸುತ್ತಾನೆ.