ಆಳಿಗೆ ಕೊಡೋ ಮುಂಗಡದ ಹಿಂದಿನ ಕತೆ

ಕಾಫಿ ಕೊಯ್ಲು ಹತ್ತಿರ ಬಂತು ಅಂದ್ರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು. "ಆಳು ಸಿಗಲ್ಲ, ಅಡ್ವಾನ್ಸ್ ಇಸ್ಕೊಂಡು ಹೋದೋರು ಫೋನೇ ಎತ್ತಲ್ಲ." ಅದರ ಬೆನ್ನಿಗೇ ಇನ್ನೊಂದು, "ಹಿಂದೆ ಹೀಗಿರ್ಲಿಲ್ಲ ಕಣ್ರೀ, ಆಳುಗಳಿಗೆ ನಿಯತ್ತಿತ್ತು." ಮೂರು ಎಕರೆ ತೋಟ ಇಟ್ಟುಕೊಂಡಿರೋ ನನಗೂ ಆಳಿನ ಕಷ್ಟ ಗೊತ್ತು. ಆದರೆ ಈ ಎರಡನೇ ಮಾತು ಒಪ್ಪೋಕಾಗಲ್ಲ. ಹಿಂದೆ ಅಂದ್ರೆ ಯಾವಾಗ? ಮುಂಗಡ ತಗೊಂಡ ಆಳು ಕೆಲಸ ಬಿಟ್ಟು ಹೋದರೆ ಜೈಲಿಗೆ ಹಾಕೋ ಕಾನೂನೇ ಈ ದೇಶದಲ್ಲಿತ್ತು. ಅದು ಗೊತ್ತಿದ್ರೆ ನಿಯತ್ತಿನ ಮಾತು ಯಾರೂ ಆಡಲ್ಲ.

ಸ್ವಲ್ಪ ಹಿಂದಿನಿಂದ ಹೇಳ್ತೀನಿ.

ಬ್ರಿಟಿಷರು ಬರೋ ಮೊದಲೇ ನಮ್ಮಲ್ಲಿ ಆಳಿನ ಗುಲಾಮಗಿರಿ ಇತ್ತು. ಎಲ್ಲಾ ಕೆಟ್ಟದ್ದನ್ನೂ ಬಿಳಿಯರ ತಲೆಗೆ ಕಟ್ಟೋದು ಸುಳ್ಳಾಗುತ್ತೆ. ಟಿಪ್ಪು ತೀರಿಕೊಂಡ ಮೇಲೆ 1800-01ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರು ಕಂಪನಿ ಸರ್ಕಾರದ ಹೇಳಿಕೆ ಮೇಲೆ ಮೈಸೂರು, ಕೆನರಾ, ಮಲಬಾರು ಸುತ್ತಿ, ಯಾವ ಊರಲ್ಲಿ ಆಳಿಗೆ ಏನು ಕೊಡ್ತಾರೆ ಅಂತ ಬರಕೊಂಡು ಹೋದ. ಬಯಲುಸೀಮೆಯಲ್ಲಿ ವರ್ಷದ ಲೆಕ್ಕದ ಆಳು, ಕೂಲಿಯಲ್ಲಿ ಹೆಚ್ಚಿನದು ಧಾನ್ಯ. ಘಟ್ಟದ ಕೆಳಗೆ ಕೊಂಡ ಆಳುಗಳೂ ಇದ್ದರು. ಕೊಡಗಿನಲ್ಲಿ ಎರಡು ತರ: ಭೂಮಿ ಜಮ್ಮದ ಆಳು, ಒಕ್ಕಲು ಜಮ್ಮದ ಆಳು. ಮೊದಲನೆಯವನು ಗದ್ದೆಗೆ ಸೇರಿದವನು, ಅವನನ್ನ ಅಲ್ಲಿಂದ ಕೀಳೋ ಹಾಗಿಲ್ಲ. ಎರಡನೆಯವನು ಮನೆಗೆ ಸೇರಿದವನು, ಬೇಕಾದ್ರೆ ಮಾರಬಹುದು, ಅಡ ಇಡಬಹುದು. ದನ ಮಾರಿದ ಹಾಗೆ. ಇವರು ಯಾವ ಜಾತಿಯವರು ಅಂತ ನಾನು ಬರೀಬೇಕಾಗಿಲ್ಲ, ಓದೋ ನಿಮಗೆಲ್ಲ ಗೊತ್ತು.

1843ರಲ್ಲಿ ಕಂಪನಿ ಸರ್ಕಾರ ಒಂದು ಕಾಯ್ದೆ ತಂತು. ಇನ್ನು ಮೇಲೆ "ಈ ಮನುಷ್ಯ ನನ್ನ ಸ್ವತ್ತು" ಅಂತ ಯಾರಾದರೂ ಬಂದರೆ ಕೋರ್ಟು ಕೇಳಲ್ಲ, ಕಂದಾಯ ಬಾಕಿಗೆ ಆಳನ್ನ ಹರಾಜು ಹಾಕೋ ಹಾಗಿಲ್ಲ ಅಂತ. ಆದರೆ ಇಟ್ಟುಕೊಂಡವನಿಗೆ ಶಿಕ್ಷೆ ಇರಲಿಲ್ಲ. ಮನುಷ್ಯರನ್ನ ಮಾರೋದು ಕೊಳ್ಳೋದು ಅಪರಾಧ ಅಂತ ಆಗಿದ್ದು 1860ರ ದಂಡಸಂಹಿತೆ ಬಂದ ಮೇಲೆ. ಬಿಡುಗಡೆ ಆಯ್ತು ಸರಿ, ಬಿಡುಗಡೆ ಆದವನಿಗೆ ಒಂದು ಗುಂಟೆ ನೆಲ ಕೊಟ್ರಾ? ಇಲ್ಲ. ಮನೆ ಧಣಿಯ ಜಾಗದಲ್ಲಿ, ಸೊಪ್ಪು ಸೌದೆ ಧಣಿಯ ಕಾಡಲ್ಲಿ, ಮಗಳ ಮದುವೆಗೆ ದುಡ್ಡು ಧಣಿಯ ಹತ್ತಿರ. ಹೊಲ ಇದ್ದವನಿಗೇ ಕಂದಾಯಕ್ಕೆ ರೊಕ್ಕ ಹೊಂದಿಸೋದು ಕಷ್ಟ ಆಗಿತ್ತು. ಹೊಲ ಇಲ್ಲದವನು ಎಲ್ಲಿಗೆ ಹೋಗ್ತಾನೆ? ಮಾರಾಟದ ಪತ್ರ ಇದ್ದ ಜಾಗಕ್ಕೆ ಸಾಲದ ಪತ್ರ ಬಂತು.

ಇದೇ ಹೊತ್ತಿಗೆ ನಮ್ಮ ಗುಡ್ಡಗಳಿಗೆ ಕಾಫಿ ಎಸ್ಟೇಟುಗಳು ಬಂದವು. ಕಾಡು ಕಡಿಯೋಕೆ, ಗುಂಡಿ ತೆಗೆಯೋಕೆ, ಹಣ್ಣು ಕೊಯ್ಯೋಕೆ ಜನ ಬೇಕು, ಗುಡ್ಡದ ಮೇಲೆ ಜನ ಇಲ್ಲ. ದೊರೆಗಳು ಮೇಸ್ತ್ರಿ ಕೈಗೆ ದುಡ್ಡು ಕೊಟ್ಟು ಬಯಲಿಗೆ, ತಮಿಳು ಸೀಮೆಗೆ, ಘಟ್ಟದ ಕೆಳಕ್ಕೆ ಕಳಿಸೋರು. ಮೇಸ್ತ್ರಿ ಅಲ್ಲಿ ಮನೆ ಮನೆಗೆ ಮುಂಗಡ ಹಂಚಿ ಜನ ಕಟ್ಟಿಕೊಂಡು ಬರೋನು. ಈ ಮುಂಗಡ ಕಾಯೋಕೆ ಕಾನೂನು ಆಗಲೇ ತಯಾರಿತ್ತು. 1859ರ 13ನೇ ಕಾಯ್ದೆ. ಮೊದಲು ಕಲ್ಕತ್ತ, ಮದ್ರಾಸು, ಬೊಂಬಾಯಿ ಪಟ್ಟಣಗಳಿಗೆ ಅಂತ ಮಾಡಿದ್ದು, ಆಮೇಲೆ ಅಸ್ಸಾಮಿನ ಟೀ ತೋಟ, ಕೊಡಗಿನ ಕಾಫಿ ತೋಟದವರೆಗೂ ಬಂತು. ಮುಂಗಡ ತಗೊಂಡು ಕೆಲಸ ಬಿಟ್ಟವನನ್ನ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬಹುದು. ದುಡ್ಡು ಕಟ್ಟು, ಇಲ್ಲ ಕೆಲಸ ಮಾಡು. ಎರಡೂ ಇಲ್ಲ ಅಂದ್ರೆ ಮೂರು ತಿಂಗಳವರೆಗೆ ಕಠಿಣ ಸಜೆ. ಕೂಲಿ ಕೊಡದ ದೊರೆಗೆ ಈ ಕಾಯ್ದೇಲಿ ಏನು ಶಿಕ್ಷೆ ಅಂದ್ರೆ, ಏನೂ ಇಲ್ಲ.

ನಡುವೆ 1876-78ರ ದೊಡ್ಡ ಬರ. ಮೈಸೂರು ಸೀಮೆಯಲ್ಲಿ 1871ರ ಗಣತಿಗೆ 50 ಲಕ್ಷಕ್ಕೂ ಮೇಲಿದ್ದ ಜನ 1881ಕ್ಕೆ 42 ಲಕ್ಷಕ್ಕಿಂತ ಕೆಳಗಿಳಿದರು. ಕಣಜ ಇದ್ದವರು ಹೇಗೋ ಉಳಿದರು. ದಿನಗೂಲಿಯ ಸೇರು ರಾಗಿ ನಂಬಿದವರು ಮೊದಲು ಹೋದರು.

ಆ ಕಾಯ್ದೆ ರದ್ದಾಗಿದ್ದು 1926ರಲ್ಲಿ. ಅಂದ್ರೆ ಸ್ವಾತಂತ್ರ್ಯಕ್ಕೆ 21 ವರ್ಷ ಮೊದಲಷ್ಟೆ. ಕೊಡಗಿನಲ್ಲಿ ಅದೇ ವರ್ಷ ಬೇರೊಂದು ಕೂಲಿ ಕಾಯ್ದೆ ಮಾಡಿ ಇನ್ನೂ ಕೆಲವು ವರ್ಷ ಎಳೆದರು. ಕಾರಂತರ 'ಚೋಮನ ದುಡಿ' ಬಂದಿದ್ದು 1933ರಲ್ಲಿ. ಚೋಮನಿಗೆ ಒಂದು ತುಂಡು ಹೊಲ ಉಳೋ ಆಸೆ, ಅದು ಕೊನೇವರೆಗೂ ಆಗಲ್ಲ. ಘಟ್ಟದ ಕಾಫಿ ತೋಟದ ಹಳೇ ಸಾಲಕ್ಕೆ ಅವನ ಮಕ್ಕಳು ಹೋಗಿ ದುಡೀಬೇಕಾಗುತ್ತೆ. ಕತೆ ಅಂತ ಓದಿ ಮುಚ್ಚಿಡೋ ಪುಸ್ತಕ ಅಲ್ಲ ಅದು, ಮುಂಗಡ ಒಂದು ಮನೆಯನ್ನ ಹೇಗೆ ತಿನ್ನುತ್ತೆ ಅನ್ನೋ ಲೆಕ್ಕ ಅದರಲ್ಲಿದೆ.

ಇನ್ನು ಸ್ವಾತಂತ್ರ್ಯ ಬಂದ ಮೇಲೆ. 1948ರಲ್ಲಿ ಕನಿಷ್ಠ ಕೂಲಿ ಕಾಯ್ದೆ ಬಂತು, 1951ರಲ್ಲಿ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಬಂತು. ದೊಡ್ಡ ಎಸ್ಟೇಟಿನ ಲೈನ್ ಮನೆಗಳಿಗೆ ನೀರು, ಆಸ್ಪತ್ರೆ ಅಂತ ಆಗಿದ್ದು ಇದರಿಂದ. ಆದರೆ ಹಳ್ಳಿಯ ಜೀತ ಹಾಗೇ ಇತ್ತು. ನಾನು ಚಿಕ್ಕವನಿದ್ದಾಗ ನಮ್ಮ ಪಕ್ಕದೂರಲ್ಲಿ ಯುಗಾದಿಯಿಂದ ಯುಗಾದಿಗೆ ಹುಡುಗರನ್ನ ಜೀತಕ್ಕೆ ಬಿಡೋರು. ಊಟ, ಒಂದು ಕಂಬಳಿ, ಎರಡು ಜೊತೆ ಬಟ್ಟೆ. ಅಪ್ಪ ಮೊದಲೇ ಇಸ್ಕೊಂಡ ದುಡ್ಡು ಹುಡುಗನ ವರ್ಷಕ್ಕೆ ವಜಾ. ಕಾಯಿಲೆ ಬಿದ್ದ ದಿನ ಲೆಕ್ಕಕ್ಕಿಲ್ಲ.

1974ರ ಭೂಸುಧಾರಣೆ ದೊಡ್ಡ ಕೆಲಸವೇ, ಅರಸು ಅವರನ್ನ ನೆನೆಯದ ಗೇಣಿದಾರ ಮನೆ ನಮ್ಮ ಮಲೆನಾಡಲ್ಲಿ ಕಮ್ಮಿ. ಆದರೆ ಡಿಕ್ಲರೇಶನ್ ಹಾಕೋಕೆ ಗೇಣಿ ಮಾಡಿರಬೇಕಲ್ಲ. ಜೀತದವನು ಗೇಣಿದಾರನಲ್ಲ. ಉಳುತ್ತಿದ್ದವನು ಅವನೇ, ಹೊಲ ಬಂದಿದ್ದು ಗೇಣಿ ಹೆಸರಿದ್ದವನಿಗೆ. ಕೂಲಿಯವರಿಗೆ ಕೂತ ಮನೆ ಜಾಗದ ಹಕ್ಕು ಸಿಕ್ತು ಅನ್ನೋದೇ ಸಮಾಧಾನ. ಜೀತಕ್ಕೆ ನೇರ ಕಾನೂನು ಬಂದಿದ್ದು 1975ರ ಅಕ್ಟೋಬರಿನ ಸುಗ್ರೀವಾಜ್ಞೆ, 1976ರಲ್ಲಿ ಅದೇ ಕಾಯ್ದೆ ಆಯ್ತು. ಎಲ್ಲಾ ಜೀತದ ಸಾಲ ವಜಾ. ಜೀತ ಮಾಡಿಸಿದ ಧಣಿಗೆ ಮೂರು ವರ್ಷದವರೆಗೆ ಜೈಲು. 1859ರಲ್ಲಿ ಆಳಿಗೆ ಮೂರು ತಿಂಗಳು, 1976ರಲ್ಲಿ ಧಣಿಗೆ ಮೂರು ವರ್ಷ! ಕಾನೂನು ತಿರುಗಾ ಮುರುಗಾ ಆಗೋಕೆ 117 ವರ್ಷ ಹಿಡೀತು.

ಈ ಕಾಯ್ದೆಯಲ್ಲಿ ನಾವೆಲ್ಲ ಓದಬೇಕಾದ ಒಂದು ವಿಷಯ ಇದೆ. ಸರಪಳಿ ಹಾಕಿದ್ರೆ ಮಾತ್ರ ಜೀತ ಅಲ್ಲ. ಮುಂಗಡದ ಕಾರಣಕ್ಕೆ ಒಬ್ಬ ಕನಿಷ್ಠ ಕೂಲಿಗಿಂತ ಕಮ್ಮಿಗೆ ದುಡಿದರೂ, ಬೇರೆ ಕಡೆ ಕೆಲಸಕ್ಕೆ ಹೋಗೋ ಸ್ವಾತಂತ್ರ್ಯ ಕಳಕೊಂಡರೂ ಅದು ಜೀತವೇ.

ಈಗ ನಮ್ಮ ತೋಟಗಳಿಗೆ ಅಸ್ಸಾಮಿನ ಕಡೆಯಿಂದ ಜನ ಬರ್ತಿದಾರೆ. ಮೇಸ್ತ್ರಿ ಅದೇ, ಮುಂಗಡ ಅದೇ. ನಮ್ಮೂರ ಹುಡುಗ ಹುಡುಗೀರು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದರು, ಇರೋರು ದಿನದ ಕೂಲಿ ಸಂಜೆಗೇ ಕೇಳ್ತಾರೆ. ಸೋಮಾರಿಗಳಾದರು ಅಂತ ನಾವು ಅಂತೀವಿ. ಸಂಜೆಗೆ ಲೆಕ್ಕ ಮುಗಿಸೋದು ಅವರ ಅಜ್ಜಂದಿರಿಗೆ ಸಿಗದೇ ಇದ್ದ ಅನುಕೂಲ, ಅದನ್ನ ಅವರು ಯಾಕೆ ಬಿಡಬೇಕು?

ನಮ್ಮ ಕಡೆ ಒಬ್ಬರು ಹೋದ ಕೊಯ್ಲಲ್ಲಿ ಆರು ಜನ ಆಳುಗಳ ಆಧಾರ್ ಕಾರ್ಡು ಇಸ್ಕೊಂಡು ಬೀರುವಲ್ಲಿಟ್ಟಿದ್ದರು, ಮುಂಗಡ ತೀರೋವರೆಗೆ ಅಂತ. ಇದು 76ರ ಕಾಯ್ದೆಗೆ ಬರುತ್ತೆ ಅಣ್ಣ, ವಾಪಸ್ ಕೊಡಿ, ದುಡ್ಡು ಮೇಸ್ತ್ರಿ ಹತ್ರ ಕೇಳಿ ಅಂದೆ. "ನನ್ನ ನಲವತ್ತು ಸಾವಿರ ನೀನು ಕೊಡ್ತೀಯಾ?" ಅಂದರು. ಮೂರನೇ ಸಲ ಹೋಗಿ ಹೇಳಿದ ಮೇಲೆ ನಾಲ್ಕು ಕಾರ್ಡು ಕೊಟ್ಟರು. ಎರಡು ಇನ್ನೂ ಅಲ್ಲೇ ಇವೆ.