ರಸ್ತೆಯೂ ಮಹಾಜನರೂ

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಒಮ್ಮೆ ಕಂಡವರು ಮರೆಯಲಾರರು. ಆದರೆ ಬೆಟ್ಟದಿಂದ ಕಣ್ಣನ್ನು ಕೆಳಗಿಳಿಸಿ, ಬೆಳಗಿನ ಹೊತ್ತು ಊರಿನ ಬೀದಿಯನ್ನು ನೋಡಿ. ಸೊಪ್ಪಿನ ಕುಕ್ಕೆ ಹೊತ್ತ ಹೆಂಗಸು, ಸೈಕಲ್ಲಿಗೆ ಹಾಲಿನ ಕ್ಯಾನು ತೂಗುಹಾಕಿದ ಗೌಳಿಗ, ಶಾಲೆಗೆ ಹೊರಟ ಮಕ್ಕಳು ಕಾಣುತ್ತಾರೆ. ಶಿರಾ, ಕೊರಟಗೆರೆ, ಪಾವಗಡಗಳಲ್ಲಿಯೂ ಇದೇ ನೋಟ. ರಸ್ತೆ ಹೇಗಿರಬೇಕೆಂದು ಇವರನ್ನು ಯಾರಾದರೂ ಕೇಳಿದ್ದುಂಟೇ? ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿ ನೂರು ವರ್ಷ ಮೀರಿದ ಚರಿತ್ರೆಯಿದೆ.

೧೮೭೬-೭೮ರ ಕ್ಷಾಮವನ್ನು ನೆನೆಯಿರಿ. ೧೮೭೧ರ ಖಾನೇಷುಮಾರಿಯಲ್ಲಿ ೫೦ ಲಕ್ಷ ಮೀರಿದ್ದ ಮೈಸೂರಿನ ಜನಸಂಖ್ಯೆ ೧೮೮೧ರಲ್ಲಿ ೪೨ ಲಕ್ಷಕ್ಕೆ ಇಳಿದಿತ್ತು. ರೈಲು ಬೆಂಗಳೂರಿಗೆ ಧಾನ್ಯ ತಂದರೂ ಅಲ್ಲಿಂದ ದೂರದ ತಾಲ್ಲೂಕುಗಳಿಗೆ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೂ ಸತ್ತಿದ್ದವು. ದಾರಿಯೆಂಬುದು ಪ್ರಾಣದ ಪ್ರಶ್ನೆಯೆಂದು ಜನ ಅಂದೇ ಕಲಿತರು.

೧೮೮೧ರಲ್ಲಿ ರಾಜ್ಯವು ಚಾಮರಾಜ ಒಡೆಯರ ಕೈಗೆ ಮರಳಿತು. ದಿವಾನ್ ರಂಗಾಚಾರ್ಲು ಅವರು ಅದೇ ವರ್ಷ ಅಕ್ಟೋಬರ್ ೭ರಂದು, ದಸರೆಯ ಸಮಯದಲ್ಲಿ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ಬಂದವರು ೧೪೪ ಮಂದಿ. ತಾಲ್ಲೂಕಿಗೆ ಒಬ್ಬಿಬ್ಬರಂತೆ ರೈತರನ್ನೂ, ಜಿಲ್ಲೆಯ ಕೆಲವು ವರ್ತಕರನ್ನೂ ಆರಿಸುವ ಕೆಲಸ ಲೋಕಲ್ ಫಂಡ್ ಮಂಡಲಿಗಳದಾಗಿತ್ತು. ದಿವಾನರು ಕಳೆದ ವರ್ಷದ ಆಡಳಿತದ ವರದಿ ಓದುವರು. ಪ್ರತಿನಿಧಿಗಳು ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳುವರು.

ಲೋಕಲ್ ಫಂಡಿನ ಹಣ ಎಲ್ಲಿಂದ ಬರುತ್ತಿತ್ತು? ರೈತ ಕಂದಾಯದ ಜೊತೆಗೆ ತೆರುತ್ತಿದ್ದ ಸೆಸ್ಸಿನಿಂದ. ಆ ಹಣದ ಮುಖ್ಯ ಕೆಲಸಗಳಲ್ಲಿ ರಸ್ತೆಯೂ ಒಂದು. ಕಾಸು ಕೊಟ್ಟವನಿಗೆ ಕೇಳುವ ಹಕ್ಕುಂಟಷ್ಟೆ! ನಮ್ಮ ನಾಲ್ಕು ಊರುಗಳಿಗಂತೂ ರಸ್ತೆಯ ಮಾತೇ ದೊಡ್ಡ ಮಾತು. ೧೮೮೪ರಲ್ಲಿ ತುಮಕೂರಿಗೆ ಬಂದ ರೈಲು ಗುಬ್ಬಿ, ತಿಪಟೂರುಗಳ ಕಡೆ ತಿರುಗಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳು ಹಳಿಯಿಂದ ದೂರವೇ ಉಳಿದವು.

ಹೀಗೆಂದು ಆ ಸಭೆಯನ್ನು ಕೇವಲ ಹೊಗಳಿ ಬಿಡುವಂತಿಲ್ಲ. ಅರಿಕೆ ಮಾಡಿಕೊಳ್ಳಬಹುದಿತ್ತು, ಆಜ್ಞೆ ಮಾಡುವಂತಿರಲಿಲ್ಲ. ೧೮೯೧ರಿಂದ ಚುನಾವಣೆ ಬಂದರೂ ಮತ ಇದ್ದದ್ದು ಕಂದಾಯ ಕಟ್ಟುವ ಆಸ್ತಿವಂತರಿಗೆ, ಪದವೀಧರರಿಗೆ. ಹೆಂಗಸರಿಗಿದ್ದ ಅಡ್ಡಿ ತೊಲಗಲು ಹಾದಿಯಾದದ್ದು ೧೯೨೩ರ ಕಾಯಿದೆಯಿಂದ. ರಸ್ತೆಯ ಮಾತನ್ನು ಗಾಡಿಯುಳ್ಳವರು ಆಡಿದರು. ಬರಿಗಾಲಿನಲ್ಲಿ ನಡೆದವರ ಮಾತು ದಾಖಲೆಯ ಹೊರಗೇ ಉಳಿಯಿತು. ಆ ಸಭೆ ೧೯೪೯ರಲ್ಲಿ ಮುಗಿಯಿತು. ಈ ಕೊರತೆ ಅದರೊಡನೆ ಮುಗಿಯಲಿಲ್ಲ.

ಅನಂತರ ಕಾನೂನು ಬಾಗಿಲನ್ನು ಅಗಲವಾಗಿ ತೆರೆಯಿತು. ೧೯೬೧ರ ಕರ್ನಾಟಕದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ, ಊರಿನ ನಕ್ಷೆ ನಿಶ್ಚಯವಾಗುವ ಮೊದಲು ಅದನ್ನು ಪ್ರಕಟಿಸಿ ಜನರ ಅಭಿಪ್ರಾಯ ಕೇಳಬೇಕು. ೧೯೯೨ರ ಸಂವಿಧಾನ ತಿದ್ದುಪಡಿ ಪುರಸಭೆಗಳಲ್ಲಿ ಮೂರರಲ್ಲಿ ಒಂದು ಪಾಲು ಸ್ಥಾನವನ್ನು ಹೆಂಗಸರಿಗೆ ಮೀಸಲಿಟ್ಟಿತು. ೨೦೦೬-೦೭ರಿಂದ ಹಲವು ವರ್ಷ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ೨೦೧೭ರಲ್ಲಿ ಮೈಸೂರಿನಲ್ಲಿ 'ಟ್ರಿಣ್ ಟ್ರಿಣ್' ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಶುರುವಾಯಿತು. ೨೦೨೧ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯವು ನಡೆಯುವವರ, ಸೈಕಲ್ ತುಳಿಯುವವರ ಹಕ್ಕುಗಳನ್ನು ಹೇಳುವ ಮಸೂದೆಯ ಕರಡೊಂದನ್ನು ಸಿದ್ಧಪಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು.

ಆದರೆ ಕಾಗದದ ಮೇಲೆ ಕೇಳುವುದು ಬೇರೆ, ಕಿವಿಗೊಟ್ಟು ಕೇಳುವುದು ಬೇರೆ. ಬೆಳಗ್ಗೆ ಹನ್ನೊಂದಕ್ಕೆ ಕಚೇರಿಯಲ್ಲಿ ಸಭೆ ಕರೆದರೆ ಸೊಪ್ಪಿನ ಹೆಂಗಸು ಅಂಗಡಿ ಬಿಟ್ಟು ಬಂದಾಳೇ? ಸುತ್ತಲೂ ಬಹುಪಾಲು ಆಂಧ್ರವೇ ಇರುವ ಪಾವಗಡದಲ್ಲಿ ತೆಲುಗು ಮಾತಾಡುವ ಮನೆಗಳು ಎಷ್ಟೋ. ಅವರ ಮಾತಿನಲ್ಲಿಯೂ ಡಂಗುರ ಸಾರಬೇಡವೇ? ಬೆಂಗಳೂರು-ಪುಣೆ ಹೆದ್ದಾರಿಯ ಮಗ್ಗುಲಿನ ಶಿರಾದಲ್ಲಿ ದಾರಿ ದಾಟುವ ಕಷ್ಟ ಮೋಟಾರಿನಲ್ಲಿ ಕೂತವನಿಗಿಂತ ಕೋಲೂರಿ ನಡೆಯುವ ಮುದುಕನಿಗೆ ಚೆನ್ನಾಗಿ ಗೊತ್ತು.

ಆದ್ದರಿಂದ ನಿಮ್ಮ ಊರಿನಲ್ಲಿ ರಸ್ತೆಯ ವಿಚಾರಕ್ಕೆ ಸಭೆ ಕರೆದರೆ ತಪ್ಪದೆ ಹೋಗಿ. ಹೋಗುವ ಮುನ್ನ ಮನೆಯಿಂದ ಸಂತೆಯವರೆಗೆ ಒಮ್ಮೆ ನಡೆದು ನೋಡಿ. ಎಲ್ಲಿ ಚರಂಡಿಯ ಚಪ್ಪಡಿ ಒಡೆದಿದೆ, ಎಲ್ಲಿ ನೆರಳಿಲ್ಲ, ಎಲ್ಲಿ ಮಕ್ಕಳು ಸೈಕಲ್ಲಿಳಿದು ತಳ್ಳುತ್ತಾರೆ ಎಂದು ಚೀಟಿಯಲ್ಲಿ ಗುರುತು ಮಾಡಿಕೊಳ್ಳಿ. ಮೈಸೂರಿಗೆ ಹೋದ ಅಂದಿನ ಪ್ರತಿನಿಧಿಗಳು ತಮ್ಮ ಸೀಮೆಯ ಅರಿಕೆಯನ್ನು ಹೊತ್ತು ಹೋಗಿದ್ದರು. ನೀವು ನಿಮ್ಮ ಬೀದಿಯದನ್ನು ಹೊತ್ತು ಹೋಗಿ; ಸಾಧ್ಯವಾದರೆ ಸೊಪ್ಪಿನ ಹೆಂಗಸನ್ನೂ ಜೊತೆಗೆ ಕರೆದುಕೊಂಡು ಹೋಗಿ.